ಒಂದು ತಾಮ್ರದ ಪಾತ್ರೆಯ ವಂಶಾವಳಿ

ಈಗ ನಮ್ಮ ಕಸುಬಿಗೆ ಕಾಲಿಡುವ ಹುಡುಗ ಹುಡುಗಿಯರು ಕುರ್ಚಿಗೆ ಒರಗಿ, ಒಂದು ಕೈಯಲ್ಲಿ ಕಾಫಿ ಹಿಡಿದು, ಇನ್ನೊಂದು ಕೈಯ ಒಂದೇ ಬೆರಳಿನಿಂದ ಯಾರದೋ ಮುತ್ತಜ್ಜನನ್ನು ಪರದೆಯ ಮೇಲೆ ಎಳೆದು ತರುತ್ತಾರೆ. ಮುತ್ತಜ್ಜ ಬರುವುದು ಅರ್ಧ ನಿಮಿಷ ತಡವಾದರೆ ಇಂಟರ್ನೆಟ್ಟಿಗೆ ಬೈಯುತ್ತಾರೆ. ನಾನು ಕೆಲಸಕ್ಕೆ ಸೇರಿದ ಎಂಬತ್ತರ ದಶಕದಲ್ಲಿ ಮುತ್ತಜ್ಜಂದಿರು ಇಷ್ಟು ವಿಧೇಯರಾಗಿರಲಿಲ್ಲ. ಒಬ್ಬ ಮುತ್ತಜ್ಜ ಬೇಕೆಂದರೆ ಇಂಗ್ಲೆಂಡಿನ ಯಾವುದೋ ಊರಿನ ಕಚೇರಿಗೆ ಏರ್‌ಮೇಲ್ ಕಾಗದ ಬರೆದು ಐದಾರು ವಾರ ಕಾಯಬೇಕಿತ್ತು. ಆಮೇಲೆ ಬರುತ್ತಿದ್ದ ಉತ್ತರದಲ್ಲಿ, ನಿಮ್ಮ ಕಾಗದ ತಲುಪಿದೆ ಎಂದಷ್ಟೇ ಇರುತ್ತಿತ್ತು.

ಹೊಸಬರಿಗೆ ಉಪಯೋಗವಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಯ ಕಥೆ ಇದರಲ್ಲಿಲ್ಲ. ಆಫೀಸಿನಲ್ಲಿ ಇದ್ದವರು ಮೂವರು: ಒಡತಿ ಮಿಸೆಸ್ ಪೆನ್ರೋಸ್, ನಾನು ಮತ್ತು ಹಳೆಯ ದಾಖಲೆ ಓದುವ ಮೈಕ್ರೋಫಿಲ್ಮ್ ಯಂತ್ರ. ಸೇವಾ ಹಿರಿತನದಲ್ಲಿ ಯಂತ್ರ ನನಗಿಂತ ಮೇಲಿತ್ತು, ಅದಕ್ಕೆ ಕಿಟಕಿಯ ಪಕ್ಕದ ಜಾಗ ಸಿಕ್ಕಿತ್ತು.

ಅಮೆರಿಕದ ಪಾಲೋ ಆಲ್ಟೋದಲ್ಲಿ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳೇ ನಮ್ಮ ಆಫೀಸು. ಜನರ ವಂಶಾವಳಿ ಹುಡುಕಿಕೊಡುವುದು ಕೆಲಸ. ಬರುತ್ತಿದ್ದ ಗ್ರಾಹಕರಿಗೆಲ್ಲ ಒಬ್ಬ ರಾಜ ಬೇಕಾಗಿದ್ದ. ರಾಜ ಸಿಗದಿದ್ದರೆ ಪಾದ್ರಿ, ಅದೂ ಇಲ್ಲವೆಂದರೆ ಯುದ್ಧದಲ್ಲಿ ಸತ್ತವನು ಯಾರಾದರೂ ಆದೀತು. ನಮ್ಮ ವಂಶದಲ್ಲಿ ಒಬ್ಬ ಕೂಲಿಯವನನ್ನು ಹುಡುಕಿಕೊಡಿ ಎಂದು ಕೇಳಿ ಬಂದವರಿಲ್ಲ. ಸಿಗುತ್ತಿದ್ದವರು ಮಾತ್ರ ಬಹುಪಾಲು ಅವರೇ.

ನಾನು ಲೈಬ್ರರಿ ಸೈನ್ಸ್ ಓದಲೆಂದು ಸ್ಯಾನ್ ಹೋಸೆಗೆ ಬಂದವನು. ಅದಕ್ಕೆ ಮುಂಚೆ ಮೈಸೂರಿನಲ್ಲಿ ಸೋದರಮಾವನ ಪ್ರೆಸ್ಸಿನಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದೆ. ಲೇಖಕರ ಕೈಬರಹ ಓದಿ ಬದುಕಿದವನಿಗೆ ಲೋಕದಲ್ಲಿ ಓದಲಾಗದ ಕೈಬರಹ ಇಲ್ಲ. ಸಂದರ್ಶನದ ದಿನ ಮಿಸೆಸ್ ಪೆನ್ರೋಸ್ ಯಾವನೋ ಪಾದ್ರಿ ಬರೆದಿದ್ದ ಇನ್ನೂರು ವರ್ಷ ಹಳೆಯ ಉಯಿಲಿನ ಪ್ರತಿಯನ್ನು ನನ್ನ ಮುಂದೆ ತಳ್ಳಿದರು. ನಾನು ಅದನ್ನು ಗಂಟಲು ಕಟ್ಟಿದ ಇಂಗ್ಲಿಷ್ ಪಾದ್ರಿಯ ದನಿಯಲ್ಲೇ ಸರಾಗವಾಗಿ ಓದಿಬಿಟ್ಟೆ. ಅವರು ನಗಲಿಲ್ಲ. ಕೆಲಸ ಕೊಡುತ್ತಿರುವುದು ನಿನ್ನ ಕಣ್ಣಿಗೆ, ನಾಲಗೆಗೆ ಅಲ್ಲ ಎಂದರು.

ನಾಲಗೆ ಕೇಳಬೇಕಲ್ಲ. ಚಿಕ್ಕಂದಿನಿಂದಲೂ ನನಗೆ ಯಾರನ್ನು ಕಂಡರೂ ಅವರ ಹಾಗೆ ಮಾತಾಡುವ ರೋಗ. ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ಒಂದು ಮಧ್ಯಾಹ್ನ ಫೋನು ಬಂತು. ಮಿಸೆಸ್ ಪೆನ್ರೋಸ್ ಊಟಕ್ಕೆ ಹೋಗಿದ್ದಾರೆಂದುಕೊಂಡು ಅವರದೇ ದನಿಯಲ್ಲಿ ಮಾತಿಗಿಳಿದೆ. ಆ ಕಡೆಯ ಗ್ರಾಹಕರು ಎಷ್ಟು ಖುಷಿಯಾದರೆಂದರೆ, ನಾನೂ ಉಬ್ಬಿಹೋಗಿ, ನಿಮ್ಮ ವಂಶದಲ್ಲಿ ಒಬ್ಬ ಬಿಷಪ್ಪರಿರುವ ಲಕ್ಷಣ ಕಾಣುತ್ತಿದೆ ಎಂದುಬಿಟ್ಟೆ. ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಸ್ಯಾಂಡ್‌ವಿಚ್ ಹಿಡಿದು ಅವರು ನಿಂತಿದ್ದರು. "ನನ್ನ ವಾಕ್ಯಗಳು ಇದಕ್ಕಿಂತ ಚಿಕ್ಕವು," ಎಂದರು. "ಆ ಬಿಷಪ್ಪನನ್ನು ಈಗ ನೀನೇ ಹುಡುಕು." ಎರಡು ತಿಂಗಳು ಹುಡುಕಿದೆ. ಸಿಕ್ಕಿದವನು ಒಬ್ಬ ಬಿಷಪ್ಪರ ಕುದುರೆಗೆ ಹುಲ್ಲು ಹಾಕುತ್ತಿದ್ದವನು.

ನಮ್ಮ ಕೆಲಸದ ಪದ್ಧತಿ ಸರಳವಾಗಿತ್ತು. ಸಿಕ್ಕಿದ ಪ್ರತಿ ಮನುಷ್ಯನಿಗೂ ಅಂಗೈ ಅಗಲದ ಒಂದು ಕಾರ್ಡು. ಅದರಲ್ಲಿ ಹೆಸರು, ಹುಟ್ಟು, ಮದುವೆ, ಸಾವು, ಮತ್ತು ಇದೆಲ್ಲ ನಿನಗೆ ಹೇಗೆ ಗೊತ್ತಾಯಿತು ಎಂಬ ಆಧಾರ. ಆಧಾರದ ಜಾಗ ಖಾಲಿ ಬಿಟ್ಟರೆ ಮಿಸೆಸ್ ಪೆನ್ರೋಸ್ ಕಾರ್ಡನ್ನು ಹರಿದು ಹಾಕುತ್ತಿದ್ದರು, ಅದು ಹರಿಯುವ ಸದ್ದನ್ನು ನನಗೆ ಕೇಳಿಸಿಯೇ. ಪ್ರತಿ ಶುಕ್ರವಾರ ಪೆಟ್ಟಿಗೆಯ ಕಾರ್ಡುಗಳನ್ನೆಲ್ಲ ಅವರು ತಿರುವಿ ನೋಡುತ್ತಿದ್ದರು. ಈ ಶುಕ್ರವಾರದ ತಪಾಸಣೆಯಿಂದಲೇ ಮುಂದೆ ನಾನು ಸಿಕ್ಕಿಬಿದ್ದದ್ದು.

ಕನ್ನಡದವರು ಪಾರ್ಕಿನಲ್ಲಿ ಸೇರುತ್ತಿದ್ದ ಪಿಕ್ನಿಕ್ಕುಗಳಲ್ಲಿ ನನ್ನದು ಅಣಕು ಮಾತಿನ ಕಾರ್ಯಕ್ರಮ ಇರುತ್ತಿತ್ತು. ಬಂದಿದ್ದ ಎಂಜಿನಿಯರುಗಳನ್ನು ಒಬ್ಬೊಬ್ಬರನ್ನಾಗಿ ಅವರ ಹೆಂಡತಿಯರೆದುರೇ ಮಾಡಿ ತೋರಿಸುತ್ತಿದ್ದೆ. ಹೆಂಡತಿಯರು ಇನ್ನೊಂದು ಸಲ ಮಾಡಿ ಎನ್ನುತ್ತಿದ್ದರು. ಯೂನಿಯನ್ ಸಿಟಿಯಲ್ಲಿದ್ದ ಶಂಕರ್ ಪರಿಚಯವಾದದ್ದು ಅಲ್ಲೇ. ಧಾರವಾಡದವರು, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುವಾಗ ಧಾರವಾಡದ ಮಾತನ್ನು ಹಾಸ್ಟೆಲಿನಲ್ಲೇ ಬಿಟ್ಟು ಬಂದವರು. ಒಂದು ಸಂಜೆ ಅವರು ನನ್ನನ್ನು ಬಾರ್ಟ್ ರೈಲು ಸ್ಟೇಷನ್ನಿನ ಪಾರ್ಕಿಂಗಿಗೆ ಕರೆಸಿಕೊಂಡು, ಕಾರಿನ ನಾಲ್ಕೂ ಕಿಟಕಿ ಏರಿಸಿ, ಕಳ್ಳಸಾಗಣೆಯವರ ಹಾಗೆ ಮಾತು ಶುರುಮಾಡಿದರು.

"ನಾಗೇಶ್, ಒಂದು ಡೆಲಿಕೇಟ್ ಮ್ಯಾಟರು. ನಮ್ಮ ವಿದ್ಯಾ ಒಬ್ಬ ಹುಡುಗನ್ನ ಇಷ್ಟಪಟ್ಟಿದಾಳೆ. ಅಮೆರಿಕನ್ನು. ನನಗೆ, ನನ್ನ ವೈಫಿಗೆ ಓಕೆ. ಅಮ್ಮಂದೇ ಪ್ರಾಬ್ಲಮ್ಮು."

ಹುಡುಗ ಬಿಳಿಯನೆಂದು ಮುದುಕಿಗೆ ಕೋಪವಿರಬೇಕು ಎಂದುಕೊಂಡು ಅವರ ಮನೆಗೆ ಹೋದೆ. ಶಂಕರ್ ಅವರ ತಾಯಿ ಗಂಗವ್ವನವರು ಮೂರು ವರ್ಷದ ಹಿಂದೆ ಮಗನ ಮನೆಗೆ ಬಂದು ನೆಲೆಸಿದವರು. ಬಣ್ಣದ ಬಗ್ಗೆ ಅವರದೇನೂ ತಕರಾರಿರಲಿಲ್ಲ. ತಕರಾರು ಇದ್ದದ್ದು ಮನೆತನದ್ದು. ಊರಲ್ಲಾದರೆ ಹೆಣ್ಣು ಕೊಡುವ ಮುಂಚೆ ಒಬ್ಬ ನಂಬಿಗಸ್ತರನ್ನು ಗಂಡಿನ ಊರಿಗೆ ಕಳಿಸುತ್ತಿದ್ದರಂತೆ. ಅವರು ಕ್ಷೌರದವನ ಹತ್ತಿರ ಕೂತು, ಹೂವಿನವಳ ಹತ್ತಿರ ನಿಂತು, ಬಾವಿಯ ಹೆಂಗಸರ ಮಾತಿಗೆ ಕಿವಿಗೊಟ್ಟು ಬಂದರೆ ಆ ಮನೆಯ ನಾಲ್ಕು ತಲೆಮಾರು ತಿಳಿದಂತೆಯೇ. ಹುಡುಗನ ಊರು ಕ್ಯುಪರ್ಟಿನೋ, ಅಲ್ಲಿ ಬಾವಿ ಎಲ್ಲಿಂದ ತರೋಣ?

"ಇಲ್ಲೆ ಯಾರ್ನ ಕೇಳಬೇಕು ತಮ್ಮಾ?" ಎಂದರು ಗಂಗವ್ವ. "ಬಾಜೂ ಮನಿಯಾವಗ ಇವರ ಹೆಸರ ಗೊತ್ತಿಲ್ಲ. ನೀ ಮಂದಿ ಬುಡಾ ಹುಡುಕೂ ಕೆಲಸ ಮಾಡ್ತಿ ಅಂತಲ್ಲ. ಏಳು ತಲಿ ಬ್ಯಾಡ, ನಾಕರ ನೋಡಿ ಹೇಳು."

ಬುಡ ಸರಿ ಇಲ್ಲದಿದ್ದರೆ ತಾನು ಲಗ್ನದ ಮನೆಗೆ ಕಾಲಿಡುವುದಿಲ್ಲ, ಧಾರವಾಡದ ವಿಮಾನ ಹತ್ತುತ್ತೇನೆ ಎಂಬುದು ಅವರ ಷರತ್ತು. ಧಾರವಾಡಕ್ಕೆ ವಿಮಾನ ಇಲ್ಲವೆಂದು ಹೇಳುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ಮೊಮ್ಮಗಳು ವಿದ್ಯಾ ಎಂಟು ವರ್ಷದವರೆಗೆ ಧಾರವಾಡದಲ್ಲಿ ಅಜ್ಜಿಯ, ಅವಳ ಬಾಯಲ್ಲಿ ಆಯಿಯ, ಕೈಯಲ್ಲೇ ಬೆಳೆದವಳು. ಅವಳ ಕನ್ನಡ ಆ ಎಂಟು ವರ್ಷಕ್ಕೇ ನಿಂತುಹೋಗಿತ್ತು. ನನ್ನನ್ನು ಕಾರಿನವರೆಗೆ ಬಿಡಲು ಬಂದವಳು, "ಆಯಿ ಬರಲಿಲ್ಲಂದ್ರ ನಾ ಲಗ್ನಾ ಆಗಂಗಿಲ್ಲ. ದ್ಯಾಟ್ಸ್ ಇಟ್," ಎಂದಳು. ಅವಳ ಕಣ್ಣುಗಳು ಕೆಂಪಾಗಿದ್ದವು. ಅವಳನ್ನು ಅಣಕಿಸಬೇಕೆಂದು ನನಗೆ ಅನ್ನಿಸಲಿಲ್ಲ.

ಹುಡುಗನ ಹೆಸರು ಪೀಟರ್ ಗ್ರಿಂಡಲ್. ತಂದೆ ಇಲ್ಲ, ತಾಯಿ ಕ್ಯುಪರ್ಟಿನೋದಲ್ಲಿ. ಅವರ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದ್ದ ಮಾತು ಒಂದೇ: ನಮ್ಮ ಮೊದಲನೆಯ ಗ್ರಿಂಡಲ್ಲರನ್ನು ಇಂಗ್ಲೆಂಡಿನ ಸರ್ಕಾರವೇ ಹಡಗು ಹತ್ತಿಸಿ ಕಳಿಸಿತ್ತು. ವಿದ್ಯಾ ಇದನ್ನು ಹೇಳಿದಾಗ ನಾನೂ ಯಾರೋ ದೊಡ್ಡ ಅಧಿಕಾರಿಯನ್ನೇ ಕಲ್ಪಿಸಿಕೊಂಡೆ.

ಆಫೀಸಿನ ವೇಳೆಯಲ್ಲಿ, ಆಫೀಸಿನ ಯಂತ್ರದಲ್ಲಿ, ಆಫೀಸಿನ ಒಡತಿಗೆ ತಿಳಿಸದೆ ಹುಡುಕಾಟ ಶುರುವಾಯಿತು. ಪೀಟರನ ಮುತ್ತಜ್ಜ ಜೋಸೆಫ್ ಗ್ರಿಂಡಲ್‌ವರೆಗೆ ದಾರಿ ಸಲೀಸು. ಸ್ಯಾನ್ ಫ್ರಾನ್ಸಿಸ್ಕೋದ ಹಳೆಯ ಜನಗಣತಿಯಲ್ಲಿ ಆ ಜೋಸೆಫ್ ಹದಿನೇಳರ ಹುಡುಗ. ಅದೇ ಮನೆಯಲ್ಲಿ ಮೂವತ್ತೆಂಟರ ಮೇರಿ ಎಂಬ ಹೆಂಗಸು, ಮತ್ತು ಐವತ್ತಾರರ ಇನ್ನೊಬ್ಬ ಜೋಸೆಫ್ ಗ್ರಿಂಡಲ್, ಇಂಗ್ಲೆಂಡಿನಲ್ಲಿ ಹುಟ್ಟಿದವನು, ಬೇಕರಿಯವನು. ಆ ಕಾಲದ ಗಣತಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆಯುತ್ತಿರಲಿಲ್ಲ. ಓದುವವನ ಬುದ್ಧಿಗೆ ಬಿಟ್ಟಿದ್ದರು. ಓದಿದವನು ನಾನು.

ಒಂದೇ ಮನೆಯಲ್ಲಿ ಇಬ್ಬರು ಜೋಸೆಫ್ ಎಂದರೆ ಅಜ್ಜ ಮತ್ತು ಮೊಮ್ಮಗ ಎಂದು ನಾನು ಕಣ್ಣು ಮುಚ್ಚಿ ತೀರ್ಮಾನಿಸಿದೆ. ನಮ್ಮ ಮನೆಯಲ್ಲಿ ನನ್ನ ಹೆಸರು ಅಜ್ಜನದು, ಅಣ್ಣನ ಹೆಸರು ತಾಯಿಯ ತಂದೆಯದು. ಎದುರಿಗೆ ಬದುಕಿರುವ ಅಪ್ಪನ ಹೆಸರನ್ನು ಮಗನಿಗೆ ಇಡುವುದುಂಟೇ? ಇಟ್ಟರೆ ಗಂಡನ ಹೆಸರು ಬಾಯಲ್ಲಿ ಹೇಳದ ತಾಯಿ ಮಗನನ್ನು ಊಟಕ್ಕೆ ಕರೆಯುವುದು ಹೇಗೆ? ಸಿಟ್ಟು ಬಂದು ದರಿದ್ರದವನೇ ಎಂದು ಬೈದರೆ ಜಗಲಿಯ ಮೇಲಿದ್ದವರು ಎದ್ದು ಒಳಗೆ ಬರುವುದಿಲ್ಲವೇ? ಹೀಗಾಗಿ ಐವತ್ತಾರರ ಬೇಕರಿಯವನು ಅಜ್ಜ. ಮೂವತ್ತೊಂಬತ್ತಕ್ಕೆ ಅಜ್ಜನಾಗುವುದು ನಮ್ಮ ಕಡೆ ಹಿಂದೆ ಹೊಸದಾಗಿರಲಿಲ್ಲ. ಮೇರಿ ಅವನ ಸೊಸೆ, ಪಾಪ, ವಿಧವೆ. ನಡುವೆ ಒಬ್ಬ ಮಗ ಕಾಣೆಯಾಗಿದ್ದಾನೆ, ಅವನನ್ನು ಹುಡುಕಿದರೆ ಸರಪಳಿ ಪೂರ್ತಿ.

ಕಾಣೆಯಾದವನು ಎರಡೇ ವಾರದಲ್ಲಿ ಸಿಕ್ಕಿದ. ಹಳೆಯ ಪತ್ರಿಕೆಯೊಂದರಲ್ಲಿ ಸಮುದ್ರದ ಪಾಲಾದ ವಿಲಿಯಂ ಗ್ರಿಂಡಲ್ ಎಂಬ ಹಡಗಿನ ಡಾಕ್ಟರು. ಮಗ ಡಾಕ್ಟರು ಎಂದಮೇಲೆ ಅವನ ಅಪ್ಪ ಬೇಕರಿಯವನು ಯಾವ ಊರಿನವನು, ಯಾಕೆ ಬಂದ ಎಂದು ನೋಡುವ ತಾಳ್ಮೆ ಉಳಿಯಲಿಲ್ಲ. ಅಭ್ಯಾಸಬಲದಿಂದ ಕಾರ್ಡು ಬರೆದು ಪೆಟ್ಟಿಗೆಗೆ ಹಾಕಿದೆ. ಆಫೀಸಿನ ಹಾಳೆಯ ಮೇಲೆ ವರದಿ ಟೈಪ್ ಮಾಡಿದೆ. ಯೂನಿಯನ್ ಸಿಟಿಗೆ ಹೋಗಿ ಗಂಗವ್ವನವರ ಮುಂದೆ ಕೂತು, ಯುಗಾದಿಯ ದಿನ ಪಂಚಾಂಗ ಓದುವ ಪುರೋಹಿತರ ದನಿಯಲ್ಲಿ ಕನ್ನಡ ಮಾಡಿ ಓದಿದೆ. ಡಾಕ್ಟರು ಯಾವ ರೋಗಕ್ಕೆ ಔಷಧ ಕೊಡುತ್ತಿದ್ದ ಎಂದು ಅವರು ಕೇಳಿದರು. ಎಲ್ಲಾ ರೋಗಕ್ಕೂ ಎಂದೆ. ಗಂಗವ್ವ ಸಕ್ಕರೆ ಡಬ್ಬಿ ತರಿಸಿ ನನ್ನ ಬಾಯಿಗೊಂದು ಚಿಟಿಕೆ ಹಾಕಿದರು. ಲಗ್ನದ ದಿನ ಗೊತ್ತಾಯಿತು.

ಮುಂದಿನ ಶುಕ್ರವಾರ ಮಿಸೆಸ್ ಪೆನ್ರೋಸ್ ನನ್ನ ಮೇಜಿನ ಮೇಲೆ ಮೂರು ಕಾರ್ಡುಗಳನ್ನು ಇಸ್ಪೀಟಿನ ಎಲೆಯ ಹಾಗೆ ಹರಡಿದರು. ಗ್ರಿಂಡಲ್, ಗ್ರಿಂಡಲ್, ಗ್ರಿಂಡಲ್. ಗ್ರಾಹಕರ ಸಂಖ್ಯೆ ಯಾವುದು ಎಂದು ಕೇಳಿದರು. ನಾನು ಎಲ್ಲವನ್ನೂ ಒಪ್ಪಿಕೊಂಡೆ. ಕದ್ದು ಮಾಡಿದ್ದಕ್ಕೆ ಅವರು ಒಂದು ಮಾತೂ ಅನ್ನಲಿಲ್ಲ. ನಡುವಿನ ಕಾರ್ಡನ್ನು ಪೆನ್ಸಿಲಿನಿಂದ ಮುಟ್ಟಿ, ಈ ಡಾಕ್ಟರು ಹುಟ್ಟಿದಾಗ ಇವನ ಅಪ್ಪನಿಗೆ ವಯಸ್ಸೆಷ್ಟು ಲೆಕ್ಕ ಹಾಕಿದ್ದೀಯಾ ಎಂದರು. ಹಾಕಿದೆ. ಅಪ್ಪನಿಗೆ ಒಂಬತ್ತು ವರ್ಷ.

ಇಬ್ಬರು ಜೋಸೆಫರು ಅಪ್ಪ ಮಗ ಯಾಕಾಗಿರಬಾರದು ಎಂದು ಅವರು ಕೇಳಿದಾಗ ನಮ್ಮ ಹೆಸರಿಡುವ ಪದ್ಧತಿಯನ್ನು, ಜಗಲಿಯ ಮೇಲಿನ ಗಂಡನ ಸಮೇತ, ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ತಮ್ಮ ಮಾವನ ಹೆಸರು ಹೆನ್ರಿ, ಗಂಡನ ಹೆಸರು ಹೆನ್ರಿ, ಮಗನ ಹೆಸರು ಹೆನ್ರಿ, ಹಬ್ಬದ ಊಟಕ್ಕೆ ಹೆನ್ರಿ ಎಂದು ಕೂಗಿದರೆ ಮೂರು ಬಾಗಿಲು ತೆರೆಯುತ್ತವೆ ಎಂದರು. ಅವರು ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು. ಡಾಕ್ಟರ ಕಾರ್ಡನ್ನು ನನ್ನ ಕೈಗೇ ಕೊಟ್ಟು ಹರಿಯಲು ಹೇಳಿದರು.

ಹೊಸಬರು ಇದನ್ನು ಗಮನಿಸಬೇಕು. ನನ್ನ ಕಣ್ಣು ಆ ಪುಟದಲ್ಲಿ ತಪ್ಪು ಓದಿರಲಿಲ್ಲ. ಪ್ರತಿ ಅಕ್ಷರ ಸರಿಯಾಗಿಯೇ ಓದಿತ್ತು. ಓದಿದ್ದನ್ನು ನನ್ನ ಅಜ್ಜಿಯ ಮನೆಗೆ ಒಯ್ದು ಕೂರಿಸಿದ್ದೆ, ಅಷ್ಟೆ.

ಈ ಸಲ ಮಿಸೆಸ್ ಪೆನ್ರೋಸರೇ ಜೊತೆಗೆ ಕೂತರು. ಮೇರಿ ಸೊಸೆಯಲ್ಲ, ಬೇಕರಿಯವನ ಹೆಂಡತಿ. ಅವರ ಮದುವೆ ನಡೆದದ್ದು ದೂರದ ಟಾಸ್ಮೇನಿಯಾ ದ್ವೀಪದ ಒಂದು ಚರ್ಚಿನಲ್ಲಿ. ಅಲ್ಲಿಗೆ ಬರೆದ ಕಾಗದಕ್ಕೆ ಐದು ವಾರಕ್ಕೆ ಉತ್ತರ ಬಂತು. ಮದುವೆಯ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ 'ಶಿಕ್ಷೆ ಮುಗಿಸಿ ಬಿಡುಗಡೆಯಾದವನು' ಎಂದಿತ್ತು. ಇಂಗ್ಲೆಂಡು ಆ ಕಾಲದಲ್ಲಿ ತನ್ನ ಕೈದಿಗಳನ್ನು ಸಾಗಹಾಕುತ್ತಿದ್ದದ್ದು ಆ ದ್ವೀಪಕ್ಕೇ. ಮತ್ತೊಂದು ಕಾಗದ, ಮತ್ತೆ ಐದು ವಾರ. ಲಗ್ನಕ್ಕೆ ಒಂದೂವರೆ ತಿಂಗಳಿರುವಾಗ ಕೈದಿಗಳ ದಾಖಲೆಯ ಫಿಲ್ಮಿನ ಸುರುಳಿ ಬಂತು. ಯಂತ್ರಕ್ಕೆ ಹಾಕಿ ತಿರುಗಿಸಿದೆ. ಜೋಸೆಫ್ ಗ್ರಿಂಡಲ್, ವಯಸ್ಸು ಹತ್ತೊಂಬತ್ತು, ಕೂಲಿ. ಅಪರಾಧ: ಒಂದು ತಾಮ್ರದ ಪಾತ್ರೆ ಮತ್ತು ಅದರೊಳಗಿದ್ದ ಬೇಯಿಸಿದ ಕುರಿಮಾಂಸವನ್ನು ಕದ್ದದ್ದು. ಶಿಕ್ಷೆ: ಏಳು ವರ್ಷ ಗಡೀಪಾರು. ಸರ್ಕಾರವೇ ಹಡಗು ಹತ್ತಿಸಿ ಕಳಿಸಿತ್ತು ಎಂಬ ಮನೆಯ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ.

ಕೆಳಗೆ ಅವನ ಚಹರೆ: ಎತ್ತರ, ಕಂದು ಕೂದಲು, ಎಡ ಮುಂಗೈ ಮೇಲೆ ಲಂಗರಿನ ಹಚ್ಚೆ. ಅದರ ಕೆಳಗೆ ಗಡೀಪಾರಿನಲ್ಲಿ ಅವನ ನಡತೆಯ ಪಟ್ಟಿ. ಕೆಲಸ ಬಿಟ್ಟು ಹೋದದ್ದು, ಎಚ್ಚರಿಕೆ. ಮೇಲ್ವಿಚಾರಕರ ನಡಿಗೆಯನ್ನೂ ಮಾತನ್ನೂ ಎಲ್ಲರೆದುರು ಅಣಕಿಸಿ ತೋರಿಸಿದ್ದು, ಹತ್ತು ದಿನ ಕತ್ತಲ ಕೋಣೆ, ರೊಟ್ಟಿ ಮತ್ತು ನೀರು. ಅದೇ ತಪ್ಪು ಮತ್ತೆ, ಹದಿನಾಲ್ಕು ದಿನ. ಅದೇ ತಪ್ಪು ಮತ್ತೆ, ಇಪ್ಪತ್ತೈದು ಛಡಿ ಏಟು. ಮೊದಲನೆಯದಕ್ಕೆ ಜೋರಾಗಿ ನಕ್ಕುಬಿಟ್ಟೆ. ಮೂರನೆಯದಕ್ಕೆ ಬಂದಾಗ ನಗು ಎಲ್ಲಿ ಹೋಯಿತೋ. ಅದೇ ತಪ್ಪಿಗೆ ನನಗೆ ಸಿಕ್ಕಿದ್ದ ಶಿಕ್ಷೆ ಒಬ್ಬ ಬಿಷಪ್ಪನನ್ನು ಹುಡುಕುವುದು. ಮಿಸೆಸ್ ಪೆನ್ರೋಸ್ ನನ್ನ ಹೆಗಲ ಮೇಲಿಂದ ಓದಿ, ಹೋಗಿ ಎರಡು ಲೋಟ ಟೀ ತಂದರು.

ಟೀ ಮುಗಿದ ಮೇಲೆ ಆಜ್ಞೆ ಬಂತು. ತಪ್ಪು ಹಾಳೆ ಯಾರ ಮನೆಯಲ್ಲೂ ಉಳಿಯಬಾರದು. ಹೋಗಿ ಅದನ್ನು ವಾಪಸ್ಸು ತೆಗೆದುಕೊಂಡು ಸರಿಯಾದ್ದನ್ನು ಕೊಟ್ಟು ಬರಬೇಕು, ಅಂಚೆಯಲ್ಲಲ್ಲ, ಕೈಯಾರೆ. ಮದುವೆ ಮುರಿದುಹೋಗುತ್ತದೆ, ಒಂದು ಹುಡುಗಿಯ ಬಾಳು ಎಂದೆಲ್ಲ ಗೋಗರೆದೆ.

"ಆ ಹುಡುಗಿ ಸೇರಬೇಕಾದದ್ದು ಗ್ರಿಂಡಲ್ ಮನೆಗೆ," ಎಂದರು ಅವರು. "ನೀನು ಕಟ್ಟಿದ ಮನೆಗೆ ಅಲ್ಲ."

ಶನಿವಾರ ಮಧ್ಯಾಹ್ನ ಯೂನಿಯನ್ ಸಿಟಿಗೆ ಹೋದೆ. ಗಂಗವ್ವನವರನ್ನು ಒಬ್ಬರನ್ನೇ ಕಂಡು ಹೇಳುವುದು ನನ್ನ ಯೋಜನೆ. ಬಾಗಿಲು ತೆರೆದರೆ ಊಟದ ಮೇಜಿನ ಸುತ್ತ ಇಡೀ ಸಂಬಂಧವೇ ಕೂತಿತ್ತು. ಲಗ್ನದ ಏರ್ಪಾಡು ಮಾತಾಡಲು ಪೀಟರ್ ತಾಯಿಯನ್ನು ಕರೆತಂದಿದ್ದ. ಜೋಳದ ರೊಟ್ಟಿಯನ್ನು ಅವನು ಕೈಯಲ್ಲೂ ಮಿಸೆಸ್ ಗ್ರಿಂಡಲ್ ಚಾಕು ಫೋರ್ಕಿನಲ್ಲೂ ಎದುರಿಸುತ್ತಿದ್ದರು. ಮುತ್ತಿನ ಸರ, ನೆಟ್ಟಗಿನ ಬೆನ್ನು, ಮಿತವಾದ ಮಾತು. ನಾನು ಶಂಕರ್ ಕಿವಿಯಲ್ಲಿ ಉಸುರಲು ಬಗ್ಗಿದೆ.

"ಗುಸುಗುಸು ಯಾಕ?" ಎಂದರು ಗಂಗವ್ವ. "ಎಲ್ಲಾರೂ ನಮ್ಮವರ ಅದಾರ. ಕುಂತು ಹೇಳು."

ಕನ್ನಡದಲ್ಲಿ ಹೇಳಿದರೆ ಅತಿಥಿಗಳಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆ ಕೂತೆ. ಕೂರುವಾಗ ಕೈಯಲ್ಲಿದ್ದ ಹೊಸ ವರದಿಯ ಹಾಳೆಯನ್ನು ಮೇಜಿನ ಮೇಲಿಟ್ಟೆ. ಮೂವತ್ತು ವರ್ಷ ಕಾಗದ ಪತ್ರದ ನಡುವೆ ಬದುಕಿದೆ, ಕಾಗದವನ್ನು ಅಷ್ಟು ಕೆಟ್ಟ ಜಾಗದಲ್ಲಿ ಇನ್ನೊಮ್ಮೆ ಇಟ್ಟಿಲ್ಲ. ಇಂಗ್ಲಿಷಿನಲ್ಲಿ ಟೈಪಾಗಿದ್ದ ಗ್ರಿಂಡಲ್ ಎಂಬ ಹೆಸರು ಮಿಸೆಸ್ ಗ್ರಿಂಡಲ್ಲರ ತಟ್ಟೆಯ ಪಕ್ಕದಲ್ಲೇ ಇತ್ತು. ನಾನು ಬಾಯಿ ತೆರೆಯುವುದರೊಳಗೆ ಅವರು ಕನ್ನಡಕ ಹಾಕಿಕೊಂಡು, ಹಾಳೆ ಎತ್ತಿಕೊಂಡು, ಮೇಲಿನಿಂದ ಕೆಳಗಿನವರೆಗೆ ಓದಿ ಮುಗಿಸಿದ್ದರು.

ನನ್ನ ಗಂಡನ ಮನೆಯ ಮೇಲೆ ಪತ್ತೇದಾರರನ್ನು ಬಿಟ್ಟಿದ್ದೀರಾ ಎಂದು ಅವರು ಶಂಕರ್ ಅವರನ್ನು ಕೇಳಿದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು. ಪೀಟರ್ ಹಾಳೆ ಇಸಿದುಕೊಂಡು ಓದಿ, ಒಂದು ಪಾತ್ರೆಗೆ ಏಳು ವರ್ಷವಾ ಎಂದು ನಗಲು ಹೋದವನು ತಾಯಿಯ ಮುಖ ನೋಡಿ ಹಾಳೆಯನ್ನು ಕೆಳಗಿಟ್ಟ. ಶಂಕರ್ ಇಂಗ್ಲಿಷಿನಲ್ಲಿ ಮೂರು ವಾಕ್ಯ ಶುರುಮಾಡಿ ಮೂರನ್ನೂ ನಡುವೆ ಬಿಟ್ಟರು. ಮಿಸೆಸ್ ಗ್ರಿಂಡಲ್ ಎದ್ದು ಕೋಟು ಕೇಳಿದರು. ಸತ್ತವರನ್ನು ಅಗೆದು ನೋಡುವ ಮನೆಯ ಜೊತೆ ತನ್ನ ಮಗ ಸಂಬಂಧ ಬೆಳೆಸಬೇಕೋ ಬೇಡವೋ ಅವನೇ ಯೋಚಿಸಲಿ, ತಾನಂತೂ ಆ ದಿನ ಬರುವುದಿಲ್ಲ ಎಂದರು. ವಿದ್ಯಾ, "ಆಯಿ, ಪ್ಲೀಸ್," ಎಂದಳು. ಅದು ಯಾವುದಕ್ಕೆ ಪ್ಲೀಸ್ ಎಂದು ಅವಳಿಗೂ ಗೊತ್ತಿದ್ದಂತಿರಲಿಲ್ಲ.

ಗಂಗವ್ವ ನನ್ನ ಕಡೆ ತಿರುಗಿದರು. ಹಾಳೆಯಲ್ಲಿ ಏನಿದೆ ಹೇಳು ಎಂದರು. ಹೇಳಿದೆ. ಡಾಕ್ಟರು ನನ್ನ ತಪ್ಪು, ಅವನು ಇವರ ಮನೆಯವನೇ ಅಲ್ಲ, ಇವರ ಹಿರಿಯ ಗಡೀಪಾರಾದವನು, ಪಾತ್ರೆ ಕದ್ದಿದ್ದ.

"ಪಾತ್ರಿ ಒಳಗ ಏನರ ಇತ್ತೇನು?"

ಕುರಿಮಾಂಸ ಎಂದೆ. ಅವರು ಕಣ್ಣು ಮುಚ್ಚಿ ಶಿವಾ ಎಂದರು. ಕಳ್ಳತನಕ್ಕಿಂತ ಅದೇ ಅವರಿಗೆ ಹೆಚ್ಚು ನೋವಾದಂತೆ ಕಂಡಿತು. ವಯಸ್ಸು ಕೇಳಿದರು. ಹತ್ತೊಂಬತ್ತು ಎಂದೆ.

"ಅಡಗಿ ಸಮೇತ ಒಯ್ದಾನ ಅಂದ್ರ ಪಾತ್ರಿ ಬೇಕಾಗಿದ್ದಿಲ್ಲ ಅವಗ," ಎಂದರು. "ಮತ್ತ ಏನೈತಿ ಅದರಾಗ?"

ಮುಂಗೈ ಮೇಲೆ ಹಚ್ಚೆ ಇತ್ತು ಎಂದೆ. ಗಂಗವ್ವ ತಮ್ಮ ಬಳೆಗಳನ್ನು ಹಿಂದಕ್ಕೆ ಸರಿಸಿ ಮುಂಗೈಯ ಹಸಿರು ಹಚ್ಚೆಯನ್ನು ಒಂದು ಕ್ಷಣ ನೋಡಿಕೊಂಡರು. ಆಮೇಲೆ ಎದ್ದು, ಬಾಗಿಲ ಕಡೆ ನಡೆದಿದ್ದ ಮಿಸೆಸ್ ಗ್ರಿಂಡಲ್ಲರ ಮಣಿಕಟ್ಟು ಹಿಡಿದರು. ಆ ಹೆಂಗಸನ್ನು ಅದಕ್ಕೆ ಮುಂಚೆ ಯಾರೂ ಹಾಗೆ ಹಿಡಿದಿರಲಿಕ್ಕಿಲ್ಲ, ದಿಗ್ಭ್ರಮೆಯಲ್ಲೇ ಜೊತೆಗೆ ನಡೆದರು. ಗಂಗವ್ವ ಅವರನ್ನು ಗೋಡೆಯ ಮೇಲಿನ ಒಂದು ಫೋಟೋದ ಮುಂದೆ ನಿಲ್ಲಿಸಿದರು.

ಗಂಧದ ಹಾರ ಹಾಕಿದ, ಗಾಂಧಿ ಟೋಪಿಯ ಆ ಮುದುಕರು ಶಂಕರ್ ಅವರ ಅಜ್ಜ, ಗಂಗವ್ವನವರ ಮಾವ. ಸ್ವಾತಂತ್ರ್ಯ ಚಳವಳಿಯಲ್ಲಿ ಬ್ರಿಟಿಷರ ಟೆಲಿಗ್ರಾಫ್ ತಂತಿ ಕತ್ತರಿಸಿ ಜೈಲಿಗೆ ಹೋದವರು. ಪ್ರತಿ ಆಗಸ್ಟಿನಲ್ಲಿ ಕನ್ನಡದವರ ಸಭೆಯಲ್ಲಿ ಶಂಕರ್ ಈ ಅಜ್ಜನ ಬಗ್ಗೆ ಹತ್ತು ನಿಮಿಷ ಮಾತಾಡುತ್ತಿದ್ದರು, ಎಂಟನೆಯ ನಿಮಿಷಕ್ಕೆ ಗಂಟಲು ಕಟ್ಟುತ್ತಿತ್ತು.

"ತಮ್ಮಾ, ನಾ ಹೇಳಿದ್ದನ್ನ ಹೇಳಿದ್ಹಂಗ ಇಕಿಗೆ ಹೇಳು," ಎಂದರು ಗಂಗವ್ವ. "ನಿನ್ನ ಆಟ ಬ್ಯಾಡ. ಇವರು ನಮ್ಮ ಮಾವನವರು. ತಂತಿ ಕತ್ತರಿಸಿದ್ದು ಖರೆ. ಜೇಲಿಗೆ ಹೋಗಿದ್ದೂ ಖರೆ. ದೇಶದ ಸಲುವಾಗಿ ಅಲ್ಲ. ತಾಮ್ರಾ ಮಾರಿ ಜ್ವಾಳಾ ತರಾಕ. ಮನ್ಯಾಗ ಆರು ಮಂದಿ ಹಸದು ಕುಂತಿದ್ದಿವಿ. ಆ ಟೋಪಿ ಆಮ್ಯಾಲ ಮಂದಿ ತಂದು ಹಾಕಿದ್ದು."

ನನ್ನ ಜೀವಮಾನದಲ್ಲಿ ಒಬ್ಬರ ಮಾತನ್ನು ಅವರ ದನಿ ಅಣಕಿಸದೆ ಹೇಳಿದ್ದು ಅದೊಂದೇ ಸಲ. ವಾಕ್ಯಕ್ಕೆ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದೆ. ಹಿಂದಿನಿಂದ ಶಂಕರ್, "ಅವ್ವಾ, ಏನ್ ಹೇಳಾಕತ್ತಿ ನೀ?" ಎಂದರು. ಇಪ್ಪತ್ತೈದು ವರ್ಷದ ಬೆಂಗಳೂರು ಆ ಒಂದು ವಾಕ್ಯದಲ್ಲಿ ಉದುರಿಹೋಯಿತು.

ಮಿಸೆಸ್ ಗ್ರಿಂಡಲ್ ಫೋಟೋವನ್ನು ಬಹಳ ಹೊತ್ತು ನೋಡಿದರು. ಇವರಿಗೆಷ್ಟು ಶಿಕ್ಷೆಯಾಯಿತು ಎಂದು ಕೇಳಿದರು.

"ಆರು ತಿಂಗಳ," ಎಂದರು ಗಂಗವ್ವ.

"ನಮ್ಮವರಿಗೆ ಏಳು ವರ್ಷ," ಎಂದರು ಮಿಸೆಸ್ ಗ್ರಿಂಡಲ್. ಬೆನ್ನು ಇನ್ನಷ್ಟು ನೆಟ್ಟಗಾಯಿತು.

ಗಂಗವ್ವ ಸೋಲೊಪ್ಪಿಕೊಂಡವರಂತೆ ತಲೆಯಾಡಿಸಿದರು. ಬೀಗತಿಯ ಕೈ ಬಿಡದೆ ಮೇಜಿಗೆ ಕರೆತಂದು ಕೂರಿಸಿ, ಚಾಕು ಫೋರ್ಕನ್ನು ದೂರ ಸರಿಸಿ, ರೊಟ್ಟಿ ಮುರಿದು ಎಣಗಾಯಿಯಲ್ಲಿ ಅದ್ದುವುದನ್ನು ತೋರಿಸಿಕೊಟ್ಟರು. ಕೋಟು ಕುರ್ಚಿಯ ಬೆನ್ನಿಗೆ ಹೋಯಿತು. ಆ ಹಾಳೆಯನ್ನು ಮಿಸೆಸ್ ಗ್ರಿಂಡಲ್ ಹೊರಡುವಾಗ ನಾಲ್ಕು ಮಡಿಕೆ ಮಾಡಿ ತಮ್ಮ ಕೈಚೀಲಕ್ಕೆ ಹಾಕಿಕೊಂಡರು. ನಾನು ಡಾಕ್ಟರ ಹಾಳೆಯನ್ನು ವಾಪಸ್ಸು ಪಡೆದು ಮಿಸೆಸ್ ಪೆನ್ರೋಸರಿಗೆ ಒಪ್ಪಿಸಿದೆ.

ಲಗ್ನ ಗೊತ್ತಾದ ದಿನಕ್ಕೇ ಆಯಿತು. ಊಟದ ಸಾಲಿನಲ್ಲಿ ಗಂಗವ್ವನವರನ್ನು ಒಂಟಿಯಾಗಿ ಹಿಡಿದು, ಆವತ್ತು ತಂತಿಯ ವಿಷಯ ಹೇಳಿದ್ದು ನಿಜವೇ ಎಂದು ಕೇಳಿಯೇಬಿಟ್ಟೆ. ಕಸುಬಿನ ಚಟ. ಅವರು ನನ್ನ ಎಲೆಗೆ ಇನ್ನೊಂದು ಹೋಳಿಗೆ ಬಡಿಸಿ, "ಕೆಲಸ ಆತಿಲ್ಲೋ?" ಎಂದು ಮುಂದೆ ಹೋದರು.

ಎರಡು ವಾರಕ್ಕೆ ಶಂಕರ್ ಫೋನು ಮಾಡಿದರು. ನಿದ್ದೆ ಇಲ್ಲವಂತೆ. ಆಗಸ್ಟಿನ ಭಾಷಣ ಹತ್ತಿರ ಬರುತ್ತಿತ್ತು. "ನಾಗೇಶ್, ಹಳೇ ಕೋರ್ಟ್ ರೆಕಾರ್ಡು ಅಂತ ಇರತ್ತಲ್ವಾ? ನಿಮ್ಮ ಫೀಲ್ಡೇ ಇದು. ಒಂದು ಲೆಟರ್ ಹಾಕಿ ನೋಡಿ. ನಿಜ ಏನು ಅಂತ ಗೊತ್ತಾಗಿಬಿಡಲಿ."

ಕಾಗದ ಬರೆದೆ. ಲಕೋಟೆಗೆ ಹಾಕಿ, ಸ್ಟಾಂಪು ಅಂಟಿಸಿ, ಮೇಜಿನ ಡ್ರಾಯರಿನಲ್ಲಿಟ್ಟೆ. ಅಂಚೆ ಡಬ್ಬಿ ಚಪ್ಪಲಿ ಅಂಗಡಿಯ ಎದುರಿಗೇ ಇತ್ತು. ದಿನಕ್ಕೆ ನಾಲ್ಕು ಸಲ ಅದರ ಮುಂದೆ ಹಾದುಹೋಗುತ್ತಿದ್ದೆ. ಒಂದು ವಾರ ಹಾಗೆ ಹಾದುಹೋದ ಮೇಲೆ ಲಕೋಟೆಯನ್ನು ಹರಿದು ಬುಟ್ಟಿಗೆ ಹಾಕಿದೆ. ಮಿಸೆಸ್ ಪೆನ್ರೋಸ್ ತಲೆ ಎತ್ತಿ ನೋಡಿದರು, ಮತ್ತೆ ತಮ್ಮ ಕಾರ್ಡುಗಳ ಕಡೆ ತಿರುಗಿದರು. ಉತ್ತರ ಬರುವಷ್ಟು ಕಾಲ ಬಿಟ್ಟು ಶಂಕರ್‌ಗೆ ಫೋನು ಮಾಡಿದೆ. ನನ್ನ ಸೇವೆಯಲ್ಲಿ ತಿಳಿದೂ ತಿಳಿದೂ ಕೊಟ್ಟ ಸುಳ್ಳು ವರದಿ ಅದೊಂದೇ, ಅದಕ್ಕೆ ಕಾರ್ಡೂ ಇಲ್ಲ, ಆಧಾರವೂ ಇಲ್ಲ. ಆ ವರ್ಷದ ಕಡತಕ್ಕೇ ಗೆದ್ದಲು ಹತ್ತಿದೆಯಂತೆ ಎಂದೆ.

"ಹೌದಾ? ಪೂರ್ತಿನಾ?"

"ಪೂರ್ತಿ."

"ಒಂದು ಹಾಳೆನೂ ಉಳಿದಿಲ್ವಾ?"

"ರಟ್ಟು ಮಾತ್ರ ಉಳಿದಿದೆಯಂತೆ."

ಆ ಕಡೆ ಉಸಿರು ಹೊರಗೆ ಬಿಟ್ಟದ್ದು ಕೇಳಿಸಿತು. "ಛೆ, ಎಂಥ ಲಾಸು ನೋಡಿ," ಎಂದರು ಶಂಕರ್. ಮಾತೆಲ್ಲ ದುಃಖದ್ದು. ದನಿ ಮಾತ್ರ ಆಗ ತಾನೇ ಬಿಡುಗಡೆಯಾಗಿ ಜೈಲಿನ ಬಾಗಿಲ ಹೊರಗೆ ನಿಂತವನದು. ಎಷ್ಟೋ ಜನರನ್ನು ಅಣಕಿಸಿದ್ದೇನೆ. ಕನ್ನಡಿಯ ಮುಂದೆ ನಿಂತು ಎಷ್ಟು ಸಲ ಮಾಡಿ ನೋಡಿದರೂ ಅದೊಂದು ದನಿ ಇವತ್ತಿಗೂ ನನಗೆ ಬಂದಿಲ್ಲ.